ವಾಚು ಕದ್ದು ನಗಿಸುವ ಕೆಲಸ ಕರಾವಳಿಯಲ್ಲಿ ಅನ್ನ ಕೊಡುತ್ತದೆಯೇ?

ಪ್ರಶ್ನೆ: ನನಗೆ 24 ವರ್ಷ, ಊರು ಕಾಪು. ಉಡುಪಿಯಲ್ಲಿ ಖಾಸಗಿ ಕೆಲಸದಲ್ಲಿದ್ದೇನೆ. ಬಿಡುವಿನಲ್ಲಿ ಹುಟ್ಟುಹಬ್ಬ, ಶಾಲಾ ವಾರ್ಷಿಕೋತ್ಸವಗಳಲ್ಲಿ ಇಸ್ಪೀಟು, ಹಗ್ಗದ ಜಾದೂ ಮಾಡುತ್ತೇನೆ. ವೇದಿಕೆಗೆ ಕರೆದವರ ವಾಚು, ಪರ್ಸು, ಕನ್ನಡಕ ಅವರಿಗೇ ಗೊತ್ತಾಗದಂತೆ ತೆಗೆದು ಸಭೆಯನ್ನು ನಗಿಸುವ ಕಾಮಿಡಿ ಪಿಕ್‌ಪಾಕೆಟ್ ಕಲಿತು, ಅದನ್ನೇ ಪೂರ್ಣಾವಧಿ ವೃತ್ತಿ ಮಾಡಿಕೊಳ್ಳುವ ಆಸೆ. ಮನೆಯಲ್ಲಿ "ಕಳ್ಳತನ ಕಲಿಯಲಿಕ್ಕೆ ಹೊರಟಿದ್ದಾನೆ" ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? ಕಾನೂನಿನ ತೊಂದರೆ ಇದೆಯೇ? ಮಂಗಳೂರು, ಉಡುಪಿಯಲ್ಲಿ ಇದರಿಂದ ಬದುಕಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಬರೀ ಪಿಕ್‌ಪಾಕೆಟ್ ಒಂದನ್ನೇ ನಂಬಿದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಹೊಟ್ಟೆ ತುಂಬುವುದಿಲ್ಲ. ಆದರೆ 45 ನಿಮಿಷದ ಜಾದೂ ಪ್ರದರ್ಶನದಲ್ಲಿ 12ರಿಂದ 15 ನಿಮಿಷದ ಪಿಕ್‌ಪಾಕೆಟ್ ಇದ್ದರೆ ಜನ ನಿಮ್ಮನ್ನು ನೆನಪಿಡುವುದು ಅದರಿಂದಲೇ. "ಆ ವಾಚು ಕದಿಯುವವರನ್ನು ಕರೆಯಿರಿ" ಎಂದು ಮುಂದಿನ ವರ್ಷದ ಕಮಿಟಿಯವರು ಹೇಳುವಂತಾಗಬೇಕು. ಮಂಗಳೂರಿನಲ್ಲಿ ಕುದ್ರೋಳಿ ಗಣೇಶ್, ಉಡುಪಿಯಲ್ಲಿ ಪ್ರೊ. ಶಂಕರ್ ಅವರಂಥವರು ವರ್ಷಗಟ್ಟಲೆ ಪ್ರದರ್ಶನ ಕೊಟ್ಟಿರುವುದರಿಂದ ಇಲ್ಲಿಯ ಸಂಘಟಕರಿಗೆ ಜಾದೂ ಹೊಸದಲ್ಲ. ಹೊಸಬನೊಬ್ಬ ಗುರುತಿಸಿಕೊಳ್ಳಬೇಕಾದರೆ ಏನಾದರೊಂದು ಬೇರೆ ಬೇಕು, ಇದು ಆ 'ಬೇರೆ' ಆಗಬಹುದು.

ಇದು ಇವತ್ತು ಹುಟ್ಟಿದ ಐಟಂ ಅಲ್ಲ. ಯುರೋಪಿನ ಸರ್ಕಸ್ಸು, ನೈಟ್‌ಕ್ಲಬ್ಬುಗಳಲ್ಲಿ ಬೆಳೆದದ್ದು. 1921ರಲ್ಲಿ ಯುಗೊಸ್ಲಾವಿಯಾದಲ್ಲಿ ಹುಟ್ಟಿದ ಬೋರಾ ಎಂಬ ಕಲಾವಿದರು ವಾಚು, ಟೈ, ಸಸ್ಪೆಂಡರು (ಪ್ಯಾಂಟು ಜಾರದಂತೆ ಭುಜದ ಮೇಲೆ ಹಾಕುವ ಪಟ್ಟಿ), ಕನ್ನಡಕಗಳನ್ನು ಒಂದರ ಹಿಂದೆ ಒಂದರಂತೆ ತೆಗೆದು ಸರ್ಕಸ್ ಡೇರೆಗಳನ್ನೇ ಅಲ್ಲಾಡಿಸಿದವರು. ನಮ್ಮ ಕಾಲದ ದೊಡ್ಡ ಹೆಸರು ಅಮೆರಿಕದ ಅಪೊಲೊ ರಾಬಿನ್ಸ್. 2001ರ ಸುಮಾರಿಗೆ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅಂಗರಕ್ಷಕರ ಕಿಸೆಗಳನ್ನೇ ಖಾಲಿ ಮಾಡಿ ಸುದ್ದಿಯಾದವರು. ಇಬ್ಬರ ವಿಡಿಯೊಗಳನ್ನೂ ಎರಡು ಸಲ ನೋಡಿ. ಮೊದಲ ಸಲ ಕೈ ನೋಡಿ, ಎರಡನೇ ಸಲ ಕೈ ಬಿಟ್ಟು ಕಾಲು ಮತ್ತು ಮುಖ ಮಾತ್ರ ನೋಡಿ. ಯಾವಾಗ ಹತ್ತಿರ ಹೋಗುತ್ತಾರೆ, ಯಾವಾಗ ಪಕ್ಕಕ್ಕೆ ಸರಿಯುತ್ತಾರೆ, ಯಾವ ಮಾತಿಗೆ ಎದುರಿನವರ ಕಣ್ಣು ಮೇಲೆ ಏಳುತ್ತದೆ ಎಂಬುದರಲ್ಲೇ ಎಲ್ಲ ಇದೆ.

ಬೆರಳಿನ ಚುರುಕುತನ ಇದರಲ್ಲಿ ಮೂರನೇ ಒಂದು ಪಾಲು ಎಂದಿಟ್ಟುಕೊಳ್ಳಿ. ಉಳಿದದ್ದು ಗಮನದ ಲೆಕ್ಕಾಚಾರ ಮತ್ತು ಹಾಸ್ಯದ ಸಮಯ. ಗಂಟೆಗಟ್ಟಲೆ ಕಟ್ಟಿಕೊಂಡಿರುವ ವಾಚನ್ನು ಚರ್ಮ ಆಗಲೇ ಮರೆತಿರುತ್ತದೆ. ಮಣಿಕಟ್ಟನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಬಿಟ್ಟರೆ ಆ ಒತ್ತಡದ ನೆನಪು ಸ್ವಲ್ಪ ಹೊತ್ತು ಉಳಿದು, ವಾಚು ಇನ್ನೂ ಅಲ್ಲೇ ಇದೆ ಎಂದು ಅನ್ನಿಸುತ್ತಿರುತ್ತದೆ. ಒಂದು ಕಡೆ ಬಲವಾದ ಸ್ಪರ್ಶ ಇದ್ದಾಗ ಇನ್ನೊಂದು ಕಡೆಯ ಹಗುರ ಸ್ಪರ್ಶ ಮನಸ್ಸಿಗೆ ತಲುಪುವುದಿಲ್ಲ. ಕೈ ನೇರ ಗೆರೆಯಲ್ಲಿ ಹೋದರೆ ನೋಡುಗರ ಕಣ್ಣು ಅದು ಮುಟ್ಟುವ ಜಾಗಕ್ಕೆ ಜಿಗಿದು ಮತ್ತೆ ಹೊರಟಲ್ಲಿಗೇ ಮರಳಬಹುದು. ಕಮಾನಿನಂತೆ ಸುತ್ತಿ ಹೋದರೆ ಕಣ್ಣು ಕೈಯ ಹಿಂದೆಯೇ ಹೋಗುತ್ತದೆ. ರಾಬಿನ್ಸ್ ಅನುಭವದಿಂದ ಹೇಳುತ್ತಿದ್ದ ಈ ಮಾತನ್ನು ನರವಿಜ್ಞಾನಿಗಳು 2011ರಲ್ಲಿ ಕಣ್ಣಿನ ಚಲನೆ ಅಳೆದು ಪರೀಕ್ಷಿಸಿದ್ದಾರೆ. ಆದ್ದರಿಂದ ನಾಣ್ಯ ತೋರಿಸುವ ಕೈಯನ್ನು ಅರ್ಧ ವೃತ್ತದಲ್ಲಿ ಎತ್ತುವುದನ್ನು ರೂಢಿ ಮಾಡಿಕೊಳ್ಳಿ.

ಕಲಿಯುವ ಕ್ರಮದಲ್ಲಿ ಹೆಚ್ಚಿನವರು ವಾಚಿನಿಂದ ಶುರು ಮಾಡಿ ಸಿಕ್ಕಿಬೀಳುತ್ತಾರೆ. ತೆಗೆಯುವುದಕ್ಕಿಂತ ಮೊದಲು ಹಾಕುವುದನ್ನು ಕಲಿಯಿರಿ. ನಿಮ್ಮದೇ ಒಂದು ಚಮಚ, ಸಹಿ ಮಾಡಿದ ಇಸ್ಪೀಟೆಲೆ, ಪ್ಲಾಸ್ಟಿಕ್ ಹಲ್ಲಿ ಇವನ್ನು ವೇದಿಕೆಗೆ ಬಂದವರ ಶರ್ಟಿನ ಕಿಸೆಗೆ ಹಾಕುವ ಅಭ್ಯಾಸ. ಸಿಕ್ಕಿಬಿದ್ದರೂ ಯಾರಿಗೂ ಸಿಟ್ಟು ಬರುವುದಿಲ್ಲ, ವಸ್ತು ನಿಮ್ಮದೇ. ಇನ್ನೊಬ್ಬರ ಮೈಗೆ ಅಷ್ಟು ಹತ್ತಿರ ಹೋಗಿ ನಿಲ್ಲುವ ಧೈರ್ಯ, ಉಸಿರು ಬಿಗಿಹಿಡಿಯದೆ ಮಾತಾಡುತ್ತಲೇ ಕೈ ಆಡಿಸುವುದು ಎರಡೂ ಇದರಲ್ಲಿ ಬರುತ್ತವೆ. ಕಡೆಗೆ "ನಿಮ್ಮ ಕಿಸೆಯಲ್ಲಿ ಏನದು ಮಾರಾಯ್ರೆ?" ಎಂದಾಗ ಹಲ್ಲಿ ಹೊರಬಂದರೆ ವಾಚಿಗಿಂತ ದೊಡ್ಡ ನಗು ಬಂದರೂ ಬಂದೀತು. ಆಮೇಲೆ ಶರ್ಟಿನ ಕಿಸೆಯ ಪೆನ್ನು, ಕುತ್ತಿಗೆಯ ಐಡಿ ಕಾರ್ಡಿನ ದಾರ, ಕನ್ನಡಕ. ವಾಚು ನಾಲ್ಕನೆಯದು. ಪರ್ಸು ಎಲ್ಲಕ್ಕಿಂತ ಕೊನೆಗೆ.

ವಾಚಿಗೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು. ಬಕಲ್ ಇರುವ ಚರ್ಮದ ಬೆಲ್ಟೇ ನಿಮ್ಮ ಪಾಠದ ವಾಚು. ಮನೆಯಲ್ಲಿ ಅಭ್ಯಾಸಕ್ಕೆ 50 ಮಿ.ಮೀ. ಪಿವಿಸಿ ಪೈಪಿನ ಒಂದಡಿ ತುಂಡಿಗೆ ಹಳೆಯ ಬನಿಯನ್ ಬಟ್ಟೆ ಸುತ್ತಿ, ಸುತ್ತಳತೆ 17 ಸೆಂ.ಮೀ. ಆಸುಪಾಸು ಬರುವಂತೆ ಮಾಡಿಕೊಳ್ಳಿ. ದೊಡ್ಡವರ ಮಣಿಕಟ್ಟಿಗೆ ಹತ್ತಿರದ ಅಳತೆ ಅದು. ಬೇರೆ ಬೇರೆ ಅಗಲದ ಮೂರು ಹಳೆಯ ವಾಚು ಸಾಕು. ಪೈಪಿಗೆ ನೋವಿಲ್ಲ, ಅನುಮಾನವೂ ಇಲ್ಲ. ಹಾಗಾಗಿ ಬೆರಳಿಗೆ ದಾರಿ ಗೊತ್ತಾದ ಮೇಲೆ ಗೆಳೆಯರ ಕೈಗೆ ಹೋಗಲೇಬೇಕು.

ವೇದಿಕೆಯಲ್ಲಿ ಬಂದವರ ಎಡ ಅಂಗೈಯಲ್ಲಿ ಒಂದು ನಾಣ್ಯ ಇಟ್ಟು ಮುಷ್ಟಿ ಮುಚ್ಚಿಸಿ, ಮುಷ್ಟಿಯನ್ನು ಕೆಳಮುಖ ಮಾಡಿಸಿ. ಈಗ ಬಕಲ್ ಅಡಿಗೆ ಹೋಯಿತು, ಅವರ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಬಲಗೈ ಮೇಲಿನಿಂದ ಮಣಿಕಟ್ಟನ್ನು ಹಿಡಿದರೆ ಹೆಬ್ಬೆರಳು ಡಯಲ್ ಮೇಲೆ, ಉಳಿದ ಬೆರಳು ಅಡಿಯಲ್ಲಿ ಬಕಲ್ ಹತ್ತಿರ ಬರುತ್ತವೆ. ಕೆಲಸವನ್ನು ಮೂರು ಹಿಡಿತಗಳಿಗೆ ಹಂಚಬೇಕು. ಮೊದಲ ಹಿಡಿತದಲ್ಲಿ ಬೆಲ್ಟಿನ ತುದಿಯನ್ನು ಕುಣಿಕೆಯಿಂದ ಹೊರಗೆ ದೂಡುವುದು ಮಾತ್ರ. ಕೈ ಬಿಡಿ, ಒಂದು ತಮಾಷೆ ಮಾಡಿ. ಎರಡನೆಯದರಲ್ಲಿ ತುದಿಯನ್ನು ಹಿಂದಕ್ಕೆ ಮಡಚಿ ಎಳೆದು, ಬಕಲ್ಲಿನ ಮುಳ್ಳನ್ನು ತೂತಿನಿಂದ ಬಿಡಿಸುವುದು. ಮೂರನೆಯದರಲ್ಲಿ ಬೆಲ್ಟು ಬಕಲ್ಲಿನಿಂದ ಜಾರಿ, ವಾಚು ನಿಮ್ಮ ಅಂಗೈಯೊಳಗೆ.

ಸಿಕ್ಕಿಬೀಳುವುದು ಹೆಚ್ಚಾಗಿ ಎರಡನೆಯ ಹಿಡಿತದಲ್ಲಿ. ಮುಳ್ಳು ಬಿಡಬೇಕಾದರೆ ಬೆಲ್ಟು ಒಂದು ಗಳಿಗೆ ಇನ್ನಷ್ಟು ಬಿಗಿಯಾಗಲೇಬೇಕು. ಆ ಬಿಗಿ ಒಂಟಿಯಾಗಿ ಬಂದರೆ ಅವರು ಕೆಳಗೆ ನೋಡುತ್ತಾರೆ. ಎಳೆಯುವ ಮೊದಲೇ ಇಡೀ ಕೈಯಿಂದ ಮಣಿಕಟ್ಟು ಅದುಮಿ, "ಗಟ್ಟಿ ಹಿಡಿದಿದ್ದೀರಲ್ಲ?" ಎಂದು ಕಣ್ಣಿಗೆ ಕಣ್ಣಿಟ್ಟು ಕೇಳಿ. ಉತ್ತರಿಸಲು ನೆನಪು ತಡಕಾಡಬೇಕಾದ ಪ್ರಶ್ನೆ ಇನ್ನೂ ಒಳ್ಳೆಯದು. "ಮದುವೆಗೆ ಮೊದಲು ಕೊನೆಯದಾಗಿ ನೋಡಿದ ನಾಟಕ ಯಾವುದು?" ಎಂದರೆ ಕಣ್ಣು ತಾನಾಗಿ ಮೇಲೆ ಹೋಗುತ್ತದೆ. ಹೆಸರು, ಊರು ಕೇಳಿದರೆ ಪ್ರಯೋಜನ ಇಲ್ಲ, ಅದಕ್ಕೆ ಯಾರೂ ಯೋಚಿಸಬೇಕಾಗಿಲ್ಲ.

ನಮ್ಮ ಹವೆಯ ಒಂದು ತೊಂದರೆ ಪರದೇಶದ ಪುಸ್ತಕಗಳಲ್ಲಿ ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಕುಡಿದ ಚರ್ಮದ ಬೆಲ್ಟು ಉಬ್ಬಿ ಬಕಲ್ಲಿನಲ್ಲಿ ಜಾರುವುದಿಲ್ಲ, ಕೈಗೂ ಅಂಟಿಕೊಂಡಿರುತ್ತದೆ. ನಿಮ್ಮ ಬೆರಳಿನ ತೇವ ಬೇರೆ. ಪ್ರತಿ ಐಟಂ ನಡುವೆ ಕೈ ಒರೆಸಲು ಹತ್ತಿಯ ಕರವಸ್ತ್ರ ಇರಲಿ, ಒರೆಸುವುದಕ್ಕೇ ಒಂದು ಜೋಕು ಕಟ್ಟಿ. ಪೌಡರು ಬೇಡ, ಕಪ್ಪು ಪ್ಯಾಂಟಿನ ಮೇಲೆ ಬೆರಳಚ್ಚು ಬಿದ್ದು ಸಭೆಗೆಲ್ಲ ಕಾಣುತ್ತದೆ. ಹೊಚ್ಚ ಹೊಸ ಗಡಸು ಬೆಲ್ಟು, ವಾಚಿನ ಅಡಿಯಿಂದ ಹಾದುಹೋಗುವ ಉದ್ದನೆ ನೈಲಾನ್ ಪಟ್ಟಿ, ಎರಡು ಬೀಗದ ಸ್ಟೀಲ್ ಚೈನು ಕಂಡರೆ ಆಸೆ ಬಿಡಿ. ಅವರ ಪೆನ್ನು ತೆಗೆದು ಮುಂದೆ ಹೋಗಿ.

ಸ್ಮಾರ್ಟ್‌ವಾಚಿಗೆ ಪ್ರತ್ಯೇಕ ಎಚ್ಚರ ಬೇಕು. ಗುಂಡಿ ಒತ್ತಿ ಕೂರಿಸುವ ಸಿಲಿಕೋನ್ ಬೆಲ್ಟು ಸುಲಭ, ಆದರೆ ವಾಚು ಕೈಯಿಂದ ಬಿಟ್ಟೊಡನೆ ಪರದೆ ಹೊತ್ತಿಕೊಳ್ಳಬಹುದು. ಹೃದಯ ಬಡಿತ ಅಳೆಯುವ ಹಸಿರು ದೀಪವೂ ಹಿಂಭಾಗದಲ್ಲಿ ಮಿನುಗುತ್ತಿರುತ್ತದೆ. ಮಬ್ಬು ಬೆಳಕಿನಲ್ಲಿ ನಿಮ್ಮ ಬೆರಳ ಸಂದಿಯಿಂದ ಆ ಹಸಿರು ಕಂಡರೆ ಗುಟ್ಟು ರಟ್ಟು. ತೆಗೆದ ಕೂಡಲೇ ಹಿಂಭಾಗವನ್ನು ಅಂಗೈಗೆ ಒತ್ತಿಕೊಳ್ಳಿ. ಕೈಯಿಂದ ತೆಗೆದೊಡನೆ ಲಾಕ್ ಆಗುವ ವಾಚುಗಳೂ ಇವೆ, ಹಿಂದಿರುಗಿಸುವಾಗ "ಪಾಸ್‌ವರ್ಡ್ ಒಮ್ಮೆ ಹಾಕಿಕೊಳ್ಳಿ" ಎಂದು ಹೇಳಿ. ಮೊಬೈಲಿನ ಪರದೆಯನ್ನಂತೂ ಮುಟ್ಟಬೇಡಿ. ಅದರೊಳಗೆ ಬ್ಯಾಂಕು, ಯುಪಿಐ ಎಲ್ಲ ಇರುತ್ತದೆ, ನಾಳೆ ಯಾರದೋ ಖಾತೆಯಲ್ಲಿ ಏನೋ ಹೆಚ್ಚುಕಡಿಮೆ ಆದರೆ ಮೊದಲು ನೆನಪಾಗುವುದು ನೀವೇ.

ಯಾರನ್ನು ಕರೆಯಬೇಕು ಎಂಬುದು ಪ್ರದರ್ಶನ ಶುರುವಾಗುವ ಅರ್ಧ ಗಂಟೆ ಮೊದಲೇ ನಿರ್ಧಾರವಾಗಿರಬೇಕು. ಊಟದ ಹಾಲಿನ ಬಾಗಿಲಲ್ಲಿ, ವೆಲ್‌ಕಮ್ ಡ್ರಿಂಕ್ ಕೊಡುವಲ್ಲಿ ಸುಮ್ಮನೆ ನಿಂತು ನೋಡಿ. ಗೆಳೆಯರ ಗುಂಪಿನಲ್ಲಿ ಕೂತು ಜೋರಾಗಿ ನಗುವ, ಪ್ಯಾಂಟು ಹಾಕಿದ, ಸಡಿಲ ಶರ್ಟಿನ, ಚರ್ಮದ ಬೆಲ್ಟಿನ ವಾಚು ಕಟ್ಟಿದ, ಮಧ್ಯವಯಸ್ಸಿನ ಗಂಡಸು ನಿಮ್ಮ ಮೊದಲ ಆಯ್ಕೆ. ಪಂಚೆ ಉಟ್ಟವರನ್ನು ಕರೆಯಬೇಡಿ. ಪರ್ಸು ಒಳಚಡ್ಡಿಯ ಕಿಸೆಯಲ್ಲಿದ್ದರೆ ನಿಮಗೆ ಕೆಲಸವಿಲ್ಲ, ಎಳೆದಾಟದಲ್ಲಿ ಪಂಚೆ ಸಡಿಲವಾದರೆ ಆ ಮನುಷ್ಯನ ಮರ್ಯಾದೆಯೂ ನಿಮ್ಮ ಮುಂದಿನ ಬುಕಿಂಗೂ ಒಟ್ಟಿಗೆ ಹೋಯಿತು. ಕುಡಿದು ಬಂದವರು ಬೇಡ. ಮೆಹಂದಿ ರಾತ್ರಿಗಳಲ್ಲಿ ಇದು ದೊಡ್ಡ ಪ್ರಶ್ನೆ, ಆದ್ದರಿಂದ ನಿಮ್ಮ ಸಮಯವನ್ನು ಊಟಕ್ಕೆ ಮೊದಲೇ ಕೇಳಿ ಪಡೆಯಿರಿ. ಮದುಮಗಳ ಅಪ್ಪನೂ ಬೇಡ, ಆ ದಿನ ಅವರ ಕಿಸೆಯಲ್ಲಿ ನೋಟಿನ ಕಟ್ಟು, ತಲೆಯಲ್ಲಿ ನೂರು ಚಿಂತೆ. ಗನ್‌ಮ್ಯಾನ್ ಇರುವ ಜನಪ್ರತಿನಿಧಿಯಾದರೆ ಮೊದಲೇ ಗನ್‌ಮ್ಯಾನ್‌ಗೂ ಹೇಳಿರಬೇಕು, ಹಿಂದಿನಿಂದ ಹೋಗಲೇಬಾರದು.

ಹೆಂಗಸರನ್ನು ವೇದಿಕೆಗೆ ಕರೆಯಿರಿ, ಆದರೆ ಅವರ ಮೈಮೇಲಿನ ಏನನ್ನೂ ತೆಗೆಯುವ ಕೆಲಸ ಬೇಡವೇ ಬೇಡ. ಅವರನ್ನು ನಿಮ್ಮ ಪಕ್ಷದವರನ್ನಾಗಿ ಮಾಡಿಕೊಳ್ಳಿ. ಗಂಡನ ವಾಚು ಹೋದದ್ದನ್ನು ಹೆಂಡತಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಗುವುದೇ ಇಡೀ ಐಟಮಿನ ಅತ್ಯುತ್ತಮ ದೃಶ್ಯ ಆಗಬಹುದು. ಕರಿಮಣಿ, ಚೈನು, ಉಂಗುರ ಯಾವ ಚಿನ್ನವನ್ನೂ ಯಾರಿಂದಲೂ ತೆಗೆಯಬೇಡಿ. ಪರ್ಸು ತೆಗೆದರೆ ತೆರೆಯಬೇಡಿ.

ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ ಕಳ್ಳತನ ಆಗಬೇಕಾದರೆ ಅಪ್ರಾಮಾಣಿಕ ಉದ್ದೇಶ ಇರಬೇಕು. ತಾನಾಗಿ ವೇದಿಕೆಗೆ ಬಂದವರ ವಸ್ತುವನ್ನು ಎಲ್ಲರೆದುರು ತೆಗೆದು, ಎಲ್ಲರೆದುರೇ ಕೊಡುವುದರಲ್ಲಿ ಅದು ಇಲ್ಲ. ಕರೆಯುವಾಗಲೇ "ಮೇಲೆ ಬಂದವರ ಹತ್ತಿರ ಏನಿದೆಯೋ ಅದಕ್ಕೆ ನಾನು ಜವಾಬ್ದಾರ, ಹೋಗುವಾಗ ಎಲ್ಲ ಸಿಗುತ್ತದೆ, ಸರಿಯಾ?" ಎಂದು ಮೈಕಿನಲ್ಲಿ ಕೇಳಿ. ಅದು ಜೋಕು ಹೌದು, ಒಪ್ಪಿಗೆಯೂ ಹೌದು, ರೆಕಾರ್ಡಿನಲ್ಲೂ ಇರುತ್ತದೆ. ಹೆಂಗಸರ ಮೈ ಮುಟ್ಟಿದ ದೂರು 74ನೇ ಕಲಮಿನಡಿ ಬಂದರೆ ಮಾತ್ರ ಕಲಾವಿದ ಎಂಬ ಗುರುತು ನಿಮ್ಮನ್ನು ಕಾಯುವುದಿಲ್ಲ.

ನಿಜವಾದ ಅಪಾಯ ವೇದಿಕೆಯ ಹೊರಗೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ, ರಥಬೀದಿಯಲ್ಲಿ, ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವದ ಜನಜಂಗುಳಿಯಲ್ಲಿ ಅಪರಿಚಿತರ ಪರ್ಸು ತೆಗೆದು ಕೊಡುವ ರೀಲ್ಸ್ ಮಾಡಲು ಹೋಗಬೇಡಿ. ಅಲ್ಲಿ ಒಪ್ಪಿಗೆ ಇಲ್ಲ, ಕ್ಯಾಮರಾ ಎಲ್ಲಿದೆ ಎಂದು ನೋಡುವ ತಾಳ್ಮೆ ಜನರಿಗೂ ಇರುವುದಿಲ್ಲ. ಪೊಲೀಸರು ಬರುವ ಮೊದಲೇ ನಾಲ್ಕು ಪೆಟ್ಟು ಬಿದ್ದಿರುತ್ತದೆ. ಮನೆಯವರ ಅನುಮಾನಕ್ಕೂ ಉತ್ತರ ಇಲ್ಲಿಯೇ ಇದೆ. ಅವರನ್ನು ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋಗಿ, ರೀಲ್ಸ್ ತೋರಿಸಬೇಡಿ.

ಇನ್ನು ನಗಿಸುವುದು. ಸಭೆಗೆ ಕಾಣಬೇಕು, ಬಂದವರಿಗೆ ಕಾಣಬಾರದು. ಈ ವ್ಯತ್ಯಾಸದಲ್ಲೇ ಎಲ್ಲ ನಗು ಇದೆ. ಹತ್ತಿರದಿಂದ ಮಾಡುವ ಇಸ್ಪೀಟಿನ ಜಾದೂ ರೂಢಿಯಾದವರು ಇಲ್ಲಿಯೂ ಎಲ್ಲರಿಂದ ಅಡಗಿಸಲು ಹೋಗುತ್ತಾರೆ. ಆಗ ಕೊನೆಯಲ್ಲಿ ವಾಚು ತೋರಿಸಿದಾಗ ಒಂದು ಚಪ್ಪಾಳೆ ಸಿಗುತ್ತದೆ, ಅಷ್ಟೇ. ವಾಚು ಬಂದ ಕ್ಷಣವೇ ಅವರ ಬೆನ್ನ ಹಿಂದೆ ಎತ್ತಿ ತೋರಿಸಿದರೆ ಮುಂದಿನ ಮೂರು ನಿಮಿಷ ಸಭೆ ನಿಮ್ಮ ಒಳಸಂಚಿನ ಪಾಲುದಾರ. ಅವರು "ಯಾಕೆ ನಗುತ್ತಿದ್ದಾರೆ?" ಎಂದು ಕಕ್ಕಾಬಿಕ್ಕಿಯಾದಷ್ಟೂ ನಗು ಏರುತ್ತದೆ. ಅವರನ್ನು ಸಭೆಗೆ ಓರೆಯಾಗಿ, ಸುಮಾರು 45 ಡಿಗ್ರಿ ತಿರುಗಿಸಿ ನಿಲ್ಲಿಸಿ. ನೀವು ಸಭೆಯ ಕಡೆಯ ಭುಜದ ಹಿಂದೆ ಅರ್ಧ ಹೆಜ್ಜೆ ಇರಬೇಕು.

ತೆಗೆದದ್ದನ್ನು ಕೊಡುವ ಕ್ರಮ ತೆಗೆಯುವುದಕ್ಕಿಂತ ಮುಖ್ಯ. ಒಟ್ಟಿಗೆ ಎಲ್ಲ ಕೊಟ್ಟರೆ ಒಂದೇ ನಗು. "ತುಂಬಾ ಉಪಕಾರ, ಹೋಗಿ ಬನ್ನಿ" ಎಂದು ಕಳಿಸಿ. ಮೆಟ್ಟಿಲ ಹತ್ತಿರ ಹೋದಾಗ "ಒಂದು ನಿಮಿಷ, ಗಂಟೆ ಎಷ್ಟಾಯಿತು?" ಅವರು ಖಾಲಿ ಕೈ ನೋಡಿಕೊಳ್ಳುತ್ತಾರೆ. ವಾಚು ಕೊಡುವ ನೆಪದಲ್ಲಿ ಕೈ ಹಿಡಿದಾಗ ಪೆನ್ನು ಹೋಗುತ್ತದೆ. ಮತ್ತೆ ಎರಡು ಮೆಟ್ಟಿಲು ಇಳಿದಾಗ "ಇಲ್ಲೊಂದು ಸಹಿ ಬೇಕಿತ್ತು." ಮೂರನೇ ಸಲ ಕನ್ನಡಕ. ಮೂರೇ ಸಾಕು, ನಾಲ್ಕನೆಯದಕ್ಕೆ ಸಭೆ ನಿಮ್ಮಿಂದ ಮುಂದೆ ಓಡಿರುತ್ತದೆ. ಯಕ್ಷಗಾನದ ಹಾಸ್ಯಗಾರರನ್ನು ಗಮನಿಸಿ. ಸಭೆ ನಗುತ್ತಿರುವಾಗ ಮುಂದಿನ ಮಾತು ಹೇಳುವುದಿಲ್ಲ, ತಾವೂ ನಗುವುದಿಲ್ಲ. ತುಳು ನಾಟಕ ನೋಡಿ ಬೆಳೆದ ಜನಕ್ಕೆ ಸಮಯ ತಪ್ಪಿದ ಜೋಕು ತಕ್ಷಣ ಗೊತ್ತಾಗುತ್ತದೆ. ಮಾತು ತುಳುವಿನಲ್ಲಿ, ಮಧ್ಯೆ ಕನ್ನಡ, ಬಂದವರು ಕೊಂಕಣಿಯವರೋ ಬ್ಯಾರಿಯವರೋ ಆದರೆ ಅವರದೇ ಭಾಷೆಯ ನಾಲ್ಕು ಮಾತು. ಜೋಕು ಯಾವಾಗಲೂ ವಾಚಿನ ಮೇಲೆ ಅಥವಾ ನಿಮ್ಮ ಮೇಲೆ ಇರಲಿ. ಬಂದವರ ಹೊಟ್ಟೆ, ಬೋಳು ತಲೆ, ಜಾತಿ, ಮನೆತನದ ಮೇಲೆ ಬೇಡ.

ಪರದೇಶದ ಐಟಂಗಳನ್ನು ಹಾಗೆಯೇ ತರಲು ಆಗುವುದಿಲ್ಲ. ಟೈ ತೆಗೆಯುವುದು ಅಲ್ಲಿ ದೊಡ್ಡ ಐಟಂ, ಇಲ್ಲಿ ಮದುಮಗ ಮತ್ತು ಹೋಟೆಲ್ ಮ್ಯಾನೇಜರ್ ಬಿಟ್ಟರೆ ಟೈ ಕಟ್ಟುವವರು ಯಾರು? ನಮ್ಮಲ್ಲಿ ಸನ್ಮಾನದ ಶಾಲು, ಮೈಸೂರು ಪೇಟ, ಸಂಘಟಕರು ಕೊಡುವ ಅಡಿಕೆ ಹಾಳೆಯ ಮುಟ್ಟಾಳೆ ಇವೆ. ಮುಟ್ಟಾಳೆ ಹಗುರ, ದೂರಕ್ಕೂ ಕಾಣುತ್ತದೆ, ಯಾರಿಗೂ ನಷ್ಟವಿಲ್ಲ. ಅವರ ತಲೆಯಿಂದ ತೆಗೆದು ನಿಮ್ಮ ತಲೆಗೆ ಇಟ್ಟುಕೊಂಡು ನಿಂತರೆ ಹಿಂದಿನ ಸಾಲಿನ ಅಜ್ಜಿಗೂ ಅರ್ಥವಾಗುತ್ತದೆ. ಅಂಗಿಯನ್ನೇ ಒಂದೇ ಎಳೆತಕ್ಕೆ ತೆಗೆಯುವ ಐಟಂ ನೋಡಿ ಮರುಳಾಗಬೇಡಿ. ಅದಕ್ಕೆ ಮೊದಲೇ ಹೇಳಿ ಸಿದ್ಧಮಾಡಿದ ಒಳಗಿನವನು ಬೇಕು. ಎಲ್ಲರಿಗೂ ಎಲ್ಲರೂ ಗೊತ್ತಿರುವ ನಮ್ಮೂರುಗಳಲ್ಲಿ ಅವನು ನಿಮ್ಮ ಗೆಳೆಯ ಎಂಬುದು ಮರುದಿನವೇ ಹರಡಿರುತ್ತದೆ. ಆಮೇಲೆ ನಿಜವಾಗಿ ತೆಗೆದ ವಾಚನ್ನೂ ಯಾರೂ ನಂಬುವುದಿಲ್ಲ.

ಸಲಕರಣೆ ಕಡಿಮೆ. ಎರಡೂ ಕೈ ಖಾಲಿ ಬೇಕಾದ್ದರಿಂದ ಕೈಯಲ್ಲಿ ಹಿಡಿಯುವ ಮೈಕು ಆಗುವುದಿಲ್ಲ. ಬಾಡಿಗೆ ಸೌಂಡಿನವರ ಹತ್ತಿರ ಹೆಚ್ಚಾಗಿ ಅದೇ ಇರುವುದು. ನಿಮ್ಮದೇ ಹೆಡ್‌ಸೆಟ್ ಮೈಕು ಕೊಳ್ಳಿ. ಕಾಲರ್ ಮೈಕು ಬೇಡ, ಬಂದವರಿಗೆ ಒರಗಿದಾಗಲೆಲ್ಲ ಬಟ್ಟೆ ಉಜ್ಜಿದ ಸದ್ದು ಹಾಲಿಗೆಲ್ಲ ಕೇಳುತ್ತದೆ. ಸೌಂಡ್ ಮಿಕ್ಸರಿಗೆ ಜೋಡಿಸಲು ಕಾಲಿಂಚಿನ ಜ್ಯಾಕಿನದೂ ಮೂರು ಪಿನ್ನಿನ ಎಕ್ಸ್‌ಎಲ್‌ಆರ್‌ನದೂ ತಂತಿ ಎರಡೂ ಚೀಲದಲ್ಲಿರಲಿ, ಹೊಸ ಬ್ಯಾಟರಿ ಜೊತೆಗೆ. ಕೋಟಿನ ಎಡ ಒಳಭಾಗದಲ್ಲಿ ಅಗಲ ಬಾಯಿಯ ದೊಡ್ಡ ಕಿಸೆ ಹೊಲಿಸಿ, ತಳಕ್ಕೆ ದಪ್ಪ ಬಟ್ಟೆ ಕೊಡಿಸಿ. ಇಲ್ಲವಾದರೆ ಎರಡು ವಾಚು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ, ಗಾಜೂ ಗೀಚುತ್ತದೆ. ತೆಗೆದ ವಸ್ತುಗಳನ್ನು ಇಡಲು ಬಟ್ಟೆ ಹಾಸಿದ ಒಂದು ತಟ್ಟೆ, ಅದರ ಬಳಿ ನಿಮ್ಮ ಸಹಾಯಕ ಮಾತ್ರ. ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ಅವನದು.

ಎಲ್‌ಇಡಿ ಪರದೆಯ ವಿಷಯ ಮರೆಯಬೇಡಿ. ಈಗ ದೊಡ್ಡ ಮದುವೆಗಳಲ್ಲಿ ವೇದಿಕೆಯ ಹಿಂದೆ ಪರದೆ ಇರುತ್ತದೆ, ಕ್ಯಾಮರಾದ ದೃಶ್ಯ ಅದರಲ್ಲೇ ಬರುತ್ತದೆ. ಬಂದವರು ಒಮ್ಮೆ ಹಿಂದೆ ತಿರುಗಿದರೆ ತಮ್ಮ ವಾಚು ನಿಮ್ಮ ಕೈಯಲ್ಲಿರುವುದನ್ನು ಹತ್ತಡಿ ಎತ್ತರದಲ್ಲಿ ನೋಡುತ್ತಾರೆ. ಪರದೆಯೇ ಇಲ್ಲದ ಮೈದಾನದಲ್ಲಿ ಹತ್ತನೇ ಸಾಲಿನಾಚೆಗೆ ವಾಚು ಕಾಣುವುದೇ ಇಲ್ಲ. ಅಲ್ಲಿ ಶಾಲು, ಮುಟ್ಟಾಳೆ, ಕನ್ನಡಕ ಮಾತ್ರ. ಪರದೆ ವೇದಿಕೆಯ ಬದಿಗಳಲ್ಲಿದ್ದರೆ ನಿಮ್ಮ ಅದೃಷ್ಟ. ಹಿಂದೆ ಇದ್ದರೆ ಬಂದವರ ಬೆನ್ನು ಸದಾ ಪರದೆಗೆ ಇರುವಂತೆ ನೋಡಿಕೊಳ್ಳಿ, ಕಳಿಸುವಾಗ ಪರದೆಯಲ್ಲಿ ಮದುಮಕ್ಕಳ ಹೆಸರು ಹಾಕಲು ವಿಡಿಯೊ ಮಿಕ್ಸಿಂಗ್‌ನವರಿಗೆ ಸನ್ನೆ ಹೇಳಿಕೊಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಇಲ್ಲಿ ವರ್ಷ ಸಮವಾಗಿ ಸಾಗುವುದಿಲ್ಲ. ನವೆಂಬರಿನಿಂದ ಜನವರಿವರೆಗೆ ಶಾಲೆ, ಯುವಕ ಮಂಡಲಗಳ ವಾರ್ಷಿಕೋತ್ಸವ, ಮೇ ಕೊನೆಯವರೆಗೆ ಮದುವೆ, ಮೆಹಂದಿ. ಕ್ರೈಸ್ತರ ಮದುವೆಗೆ ಮೊದಲಿನ ರೋಸ್ ಕಾರ್ಯಕ್ರಮಗಳು ಒಳ್ಳೆಯ ವೇದಿಕೆ, ಆದರೆ ಈಸ್ಟರಿಗೆ ಮೊದಲಿನ ತಪಸ್ಸು ಕಾಲದಲ್ಲಿ ಇಲ್ಲ. ಮಳೆ ಹಿಡಿದರೆ ಮೊಸರು ಕುಡಿಕೆ, ಚೌತಿಯವರೆಗೆ ಕೈ ಖಾಲಿ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆ ಇಲ್ಲ, ಸಂಘಗಳ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಕಾರ್ಯಕ್ರಮ ಇದ್ದರೆ ಉಂಟು. ಹಾಗಾಗಿ ಈಗಿನ ಕೆಲಸ ಬಿಡಲು ಅವಸರ ಬೇಡ. ಎರಡು ಮಳೆಗಾಲವನ್ನು ಪ್ರದರ್ಶನದ ಉಳಿತಾಯದಲ್ಲೇ ಕಳೆಯಲು ಸಾಧ್ಯವಾದ ಮೇಲೆ ಯೋಚಿಸಿ. ಆಚೆಗೆ ಬೆಳೆಯುವ ದಾರಿ ಎರಡು. ಮುಂಬಯಿ ಮತ್ತು ಕೊಲ್ಲಿ ರಾಷ್ಟ್ರಗಳ ತುಳು, ಕನ್ನಡ ಸಂಘಗಳು ಒಂದು, ಕಂಪನಿಗಳ ಕಾರ್ಯಕ್ರಮ ಮತ್ತು ಪ್ರವಾಸಿ ಹಡಗುಗಳು ಇನ್ನೊಂದು. ಹಡಗಿನವರು ಸಾಮಾನ್ಯವಾಗಿ ಒಂದಕ್ಕೊಂದು ಸಂಬಂಧವಿಲ್ಲದ 45 ನಿಮಿಷದ ಎರಡು ಪ್ರದರ್ಶನ ಕೇಳುತ್ತಾರೆ, ಅದೂ ಇಂಗ್ಲಿಷಿನಲ್ಲಿ. ಬ್ಯಾಂಕು, ಕಾಲೇಜುಗಳಿಗೆ 'ಕಿಸೆಗಳ್ಳರಿಂದ ಜಾಗ್ರತೆ' ಎಂಬ ಪ್ರಾತ್ಯಕ್ಷಿಕೆಯೂ ಆಗುತ್ತದೆ. ಮಳೆಗಾಲಕ್ಕೆ ಅದು ಒಳ್ಳೆಯ ಆಸರೆ.

ದರ ಹೇಳುವಾಗ ನಿಮಿಷದ ಲೆಕ್ಕ ಹಿಡಿಯಬೇಡಿ. ಸಹಾಯಕನ ಸಂಬಳ, ಪೆಟ್ರೋಲು, ಬಟ್ಟೆಯ ಇಸ್ತ್ರಿ, ಗೀಚಿದ ವಾಚಿಗೆ ಕೊಡಬೇಕಾಗಬಹುದಾದ ಪರಿಹಾರಕ್ಕೆಂದು ತೆಗೆದಿಡುವ ಒಂದು ಪಾಲು, ಇವೆಲ್ಲ ಸೇರಿಸಿದ ಮೇಲೆ ನಿಮ್ಮ ಕೂಲಿ. ಅರ್ಧ ಮುಂಗಡ ಪಡೆದೇ ದಿನ ಬರೆದುಕೊಳ್ಳಿ, ಉಳಿದದ್ದು ವೇದಿಕೆ ಹತ್ತುವ ಮೊದಲು. ಕಾರ್ಯಕ್ರಮ ಮುಗಿದ ಮೇಲೆ ಕಮಿಟಿಯ ಖಜಾಂಚಿಯನ್ನು ಹುಡುಕುವುದು ವಾಚು ತೆಗೆಯುವುದಕ್ಕಿಂತ ಕಷ್ಟ. ಕಂಪನಿಗಳು ಟಿಡಿಎಸ್ ಹಿಡಿಯುತ್ತವೆ, ಪ್ಯಾನ್ ಮತ್ತು ಬಿಲ್ಲು ಬೇಕು. ವರ್ಷದ ಸೇವಾ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಒಪ್ಪಂದದ ಹಾಳೆಯಲ್ಲಿ ದುಡ್ಡಿನ ಜೊತೆ ನಾಲ್ಕು ಸಾಲು ಬರೆಸಿ: ವೇದಿಕೆಗೆ ಬದಿಯಿಂದ ಗಟ್ಟಿ ಮೆಟ್ಟಿಲು, ಮುಂದಿನ ಸಾಲಿನ ಮೇಲೂ ಸ್ವಲ್ಪ ಬೆಳಕು, ಊಟದ ಕೌಂಟರು ನಿಮ್ಮ ಪ್ರದರ್ಶನ ಮುಗಿದ ಮೇಲೆ ತೆರೆಯುವುದು, ಮತ್ತು ಯಾರನ್ನು ಮೇಲೆ ಕರೆಯಬೇಕು ಎಂಬ ತೀರ್ಮಾನ ನಿಮ್ಮದೇ, ನಿರೂಪಕರದಲ್ಲ ಎಂಬುದು.